ಹಿಂದಿನ ಸಬ್‌ಫ್ರೇಮ್ ಮೌಂಟಿಗೆ ಯಾವ ಪ್ಲೇಟ್ ಹಾಕಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮ ಶೆಡ್ ಇದೆ. ಟಿಂಕರಿಂಗ್, ವೆಲ್ಡಿಂಗ್, ಚಾಸಿಸ್ ಕೆಲಸ ನಮ್ಮದು. ಹಳೆಯ ಬಿಎಂಡಬ್ಲ್ಯು 3 ಸೀರೀಸ್ ಪ್ರೀತಿಯಿಂದ ಇಟ್ಟುಕೊಂಡವರು ಧಾರವಾಡ, ಗದಗ, ಹಾವೇರಿಯಿಂದಲೂ ಬರುತ್ತಾರೆ. ಕಾರಿನಿಂದ ಇಳಿದ ಕೂಡಲೇ ಅವರು ಕೇಳುವುದು ಒಂದೇ: "ಪ್ಲೇಟ್ ಎಷ್ಟು ದಪ್ಪದ್ದು ಹಾಕ್ತೀರಿ?" ಹಿಂದಿನ ಸಬ್‌ಫ್ರೇಮ್ ಕಾರಿನ ಮೈಗೆ ಕೂಡುವ ಜಾಗವೇ ಮೌಂಟ್, ಅಲ್ಲಿನ ತಗಡು ಸೀಳದಂತೆ ಬೆಸೆಯುವ ಉಕ್ಕಿನ ತುಂಡೇ ಈ ಪ್ಲೇಟ್. ದಪ್ಪದ ಪ್ರಶ್ನೆಗೆ ಕೆಳಗೆ ಉತ್ತರವಿದೆ. ಆದರೆ ಪ್ಲೇಟ್ ಎಲ್ಲಿಯವರೆಗೆ ಚಾಚಿದೆ, ಅದರಡಿಯ ತಗಡು ಯಾವ ಸ್ಥಿತಿಯಲ್ಲಿದೆ ಎಂಬುದು ದಪ್ಪಕ್ಕಿಂತ ಮುಖ್ಯ. ಹಣ ಕೊಡುವ ಮುಂಚೆ ಇಷ್ಟನ್ನು ಓದಿಕೊಂಡು ಬನ್ನಿ.

ಸಬ್‌ಫ್ರೇಮ್ ಅಂದ್ರ ಏನ್ರಿ? ಅದರ ಮೌಂಟ್ ಹತ್ರನ ಯಾಕ ಬಿರುಕು ಬೀಳತೈತಿ?

ಎಂಜಿನ್ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ಲು, ಹಿಂದಿನ ಚಕ್ರದ ಆರ್ಮುಗಳು, ಇವೆಲ್ಲವನ್ನೂ ಹೊತ್ತ ಕಬ್ಬಿಣದ ಚೌಕಟ್ಟೇ ಹಿಂದಿನ ಸಬ್‌ಫ್ರೇಮ್. 3 ಸೀರೀಸಿನ ಇ46 ಎಂಬ ಪೀಳಿಗೆಯಲ್ಲಿ ಇದು ನಾಲ್ಕು ಕಡೆ ರಬ್ಬರ್ ಬುಷ್ (ಹೊಡೆತ ತಡೆಯುವ ಮೆತ್ತೆ) ಮತ್ತು ಬೋಲ್ಟಿನ ಮೂಲಕ ಕಾರಿನ ನೆಲದ ತಗಡಿಗೆ ಕಚ್ಚಿಕೊಂಡಿರುತ್ತದೆ. ಆ ತಗಡು ತೆಳು. ಪದರುಗಳನ್ನು ಸ್ಪಾಟ್ ವೆಲ್ಡಿನಿಂದ, ಅಂದರೆ ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆಯಿಂದ, ಕೂಡಿಸಿರುತ್ತಾರೆ.

ಲೆಕ್ಕಕ್ಕೆ ಎಂಜಿನ್ ಕೊಡುವ ತಿರುಚು ಬಲ 200 ನ್ಯೂಟನ್ ಮೀಟರ್ ಎಂದು ಹಿಡಿಯಿರಿ. ಮೊದಲ ಗೇರಿನಲ್ಲಿ ಅದು ಸುಮಾರು 4 ಪಟ್ಟು, ಡಿಫರೆನ್ಷಿಯಲ್ಲಿನಲ್ಲಿ ಮತ್ತೆ ಸುಮಾರು 3 ಪಟ್ಟು ಹೆಚ್ಚುತ್ತದೆ. ಚಕ್ರಕ್ಕೆ ತಲುಪುವ ಹೊತ್ತಿಗೆ 2,400 ಆಗಿರುತ್ತದೆ. ಚಕ್ರ ಮುಂದಕ್ಕೆ ತಿರುಗುವಾಗ ಡಿಫರೆನ್ಷಿಯಲ್ಲು ಹಿಮ್ಮುಖವಾಗಿ ತಿರುಗಲು ನೋಡುತ್ತದೆ, ತನ್ನ ಜೊತೆ ಸಬ್‌ಫ್ರೇಮನ್ನೂ ಎಳೆಯುತ್ತದೆ. ಕ್ಲಚ್ ಬಿಟ್ಟಾಗ ಒಂದು ಕಡೆಗೆ ಎಳೆತ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಕಡೆಗೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಅದು ಮುರಿಯುವ ಹಾಗೆ ಬೋಲ್ಟಿನ ಸುತ್ತಲಿನ ತಗಡೂ ದಣಿಯುತ್ತದೆ. ಮೊದಲು ಸ್ಪಾಟ್ ವೆಲ್ಡ್ ಬಿಡುತ್ತದೆ, ಇಲ್ಲವೇ ಅದರ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಹುಟ್ಟುತ್ತದೆ.

ನಮ್ಮ ರಸ್ತೆಗಳೂ ಇದಕ್ಕೆ ಕೈಜೋಡಿಸುತ್ತವೆ. ನವಲಗುಂದ, ಗದಗ ಕಡೆ ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುವ ನೆಲದ ಮೇಲಿನ ಡಾಂಬರು ಅಲೆ ಅಲೆಯಾಗಿ ಏಳುತ್ತದೆ. ಊರು ಬಂದಲ್ಲೆಲ್ಲ ಹಂಪು. ಪ್ರತಿ ಹಂಪಿಗೂ ಗೇರು ಇಳಿಸಿ ಮತ್ತೆ ಎಳೆಸಬೇಕು. ಬಿರುಕಿಗೆ ಬೇಕಾದದ್ದು ಇದೇ ಹಿಂದೆ ಮುಂದಿನ ಎಳೆದಾಟ.

ನನ್ನ ಕಾರಿಗೂ ಇದು ಬೇಕಾ?

ಬಹುತೇಕ ಬೇಡ. ಸ್ವಿಫ್ಟ್‌ನಂಥ ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿನ ಹಿಂದೆ ಎರಡು ಚಕ್ರ ಕೂಡಿಸುವ ತೊಲೆ, ಟಾರ್ಷನ್ ಬೀಮ್, ಇರುತ್ತದೆ, ಡಿಫರೆನ್ಷಿಯಲ್ ಹೊತ್ತ ಸಬ್‌ಫ್ರೇಮ್ ಅಲ್ಲಿಲ್ಲ. ಬೊಲೆರೊ, ಇನ್ನೋವಾ ಕ್ರಿಸ್ಟಾದಂಥ ಗಾಡಿಗಳು ಏಣಿಯಾಕಾರದ ಚಾಸಿಸ್ ಮೇಲೆ ಕೂತಿವೆ, ಅವುಗಳ ತೊಂದರೆಗಳೇ ಬೇರೆ.

ಇದು ಹೆಚ್ಚಾಗಿ ಹಿಂದಿನ ಚಕ್ರ ಎಳೆಯುವ ಹಳೆಯ ಬಿಎಂಡಬ್ಲ್ಯು ಮಾಲೀಕರ ಚಿಂತೆ. 1998ರಿಂದ 2006ರವರೆಗೆ ತಯಾರಾದ ಇ46 ಪೀಳಿಗೆ ಇದಕ್ಕೆ ಜಗತ್ತಿನಾದ್ಯಂತ ಹೆಸರಾದದ್ದು. ಅದಕ್ಕೂ ಹಿಂದಿನ ಇ36ರಲ್ಲೂ ಮೌಂಟಿನ ಸುತ್ತ ಬಿರುಕು ಕಾಣುತ್ತದೆ. ಬಿಎಂಡಬ್ಲ್ಯುವಿನದೇ ಜ಼ಡ್3 ಇದ್ದವರು ಡಿಫರೆನ್ಷಿಯಲ್ ಮೌಂಟ್ ಇರುವ ಡಿಕ್ಕಿಯ ನೆಲವನ್ನು ನೋಡಿಸಬೇಕು.

ಬಿರುಕು ಬಿದ್ದದ್ದು ಹ್ಯಾಂಗ ಗೊತ್ತಾಗತೈತಿ?

ಮೊದಲು ಕಿವಿಗೆ ಗೊತ್ತಾಗುತ್ತದೆ. ನಿಂತ ಕಾರನ್ನು ಎಳೆಸುವಾಗ, ಗೇರು ಬದಲಿಸುವಾಗ ಹಿಂದಿನ ಸೀಟಿನ ಕೆಳಗಿಂದ "ಟಕ್" ಎಂದು ತಗಡು ಬಡಿದ ಸದ್ದು. ಬುಷ್ ಸತ್ತಿದ್ದರೂ ಇಂಥದ್ದೇ ಸದ್ದು ಬರುತ್ತದೆ, ಹಾಗಾಗಿ ಸದ್ದನ್ನಷ್ಟೇ ನಂಬಿ ತೀರ್ಮಾನಿಸಬೇಡಿ.

ಕಣ್ಣಿನ ಕೆಲಸ ತಾಳ್ಮೆ ಬೇಡುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ ಮೌಂಟ್ ನೋಡಿದರೆ ಮೊದಲಿಗೆ ಕಾಣುವುದು ಕಂಪನಿ ಬಳಿದ ಅಂಡರ್‌ಕೋಟಿಂಗ್ ಮಾತ್ರ. ಅದು ರಬ್ಬರಿನಂತೆ ಹಿಗ್ಗುವ ವಸ್ತು. ಕೆಳಗಿನ ತಗಡು ಸೀಳಿದ್ದರೂ ಮೇಲಿನ ಪದರು ಏನೂ ಆಗಿಲ್ಲವೆಂಬಂತೆ ಇರಬಲ್ಲದು. ಎಷ್ಟೋ ಜನ ಟಾರ್ಚ್ ಬಿಟ್ಟು ನೋಡಿ "ಏನೂ ಇಲ್ರಿ" ಎಂದು ಕಳಿಸಿದ ಕಾರಿನಲ್ಲಿ ಕೋಟಿಂಗ್ ಕೆರೆದ ಮೇಲೆ ಬಿರುಕು ಸಿಕ್ಕಿದೆ. ಕೋಟಿಂಗ್ ಮೇಲೆ ಸಣ್ಣ ಗೆರೆ, ಗೆರೆಯ ಬಾಯಲ್ಲಿ ಕಂದು ಬಣ್ಣದ ತುಕ್ಕಿನ ನೀರಿನ ಗುರುತು ಕಂಡರೆ ಒಳಗೆ ನೋಡಲೇಬೇಕು.

ಹೀಟ್ ಗನ್ನಿನಿಂದ ಕೋಟಿಂಗ್ ಮೆತ್ತಗೆ ಮಾಡಿ, ಕೆರೆದು, ವೈರ್ ಬ್ರಷ್‌ನಿಂದ ಬೆಳ್ಳಗಿನ ತಗಡು ಕಾಣುವವರೆಗೆ ತಿಕ್ಕುತ್ತೇವೆ. ಆಮೇಲೆ ಹಳೆಯ ಕಾಲದ ಪರೀಕ್ಷೆ: ಸೀಮೆಎಣ್ಣೆ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುವುದು. ಬಿರುಕಿನೊಳಗೆ ಅಡಗಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ. ಮೊದಲು ಉಗುರಿನಷ್ಟು ಉದ್ದ, ನೋಡುತ್ತ ನಿಂತಂತೆ ಬೆರಳಿನಷ್ಟು. ಮಾಲೀಕರನ್ನು ಕರೆದು ನಾವು ಇದನ್ನು ತೋರಿಸುತ್ತೇವೆ. ಕೆಂಪು ಬಣ್ಣದ ಡೈ ಮತ್ತು ಬಿಳಿ ಡೆವಲಪರ್ ಸ್ಪ್ರೇ ಮಾಡುವುದೂ ಇದೇ ತತ್ವ, ಇನ್ನೂ ಸಣ್ಣ ಬಿರುಕು ಅದರಲ್ಲಿ ಸಿಗುತ್ತದೆ. ಸೀಮೆಎಣ್ಣೆ ಹಚ್ಚಿದ ಜಾಗವನ್ನು ವೆಲ್ಡಿಂಗಿಗೆ ಮುಂಚೆ ಪೂರ್ತಿ ತೊಳೆದು ಒಣಗಿಸಬೇಕು.

ಬಿರುಕು ಇಲ್ಲ. ಆದ್ರೂ ಹಾಕಿಸ್ಲೇನು?

ಬರೀ ಪ್ಲೇಟಿಗೋಸ್ಕರ ಸಬ್‌ಫ್ರೇಮ್ ಇಳಿಸುವ ಅವಸರ ಬೇಡ. ಆದರೆ ಇ46ರಲ್ಲಿ ಬುಷ್ ಬದಲಿಸಲು ಹೇಗೂ ಸಬ್‌ಫ್ರೇಮ್ ಇಳಿಸುತ್ತಿದ್ದರೆ ಆಗಲೇ ಹಾಕಿಸಿಬಿಡಿ. ಸೀಳದ ತಗಡಿನ ಮೇಲೆ ಪ್ಲೇಟ್ ಕೂರಿಸುವುದು ಸುಲಭ, ಫಲವೂ ಚಲೋ.

ಸರಿ, ಎಷ್ಟು ದಪ್ಪ?

2 ಮಿ.ಮೀ. ನಮ್ಮ ಶೆಡ್ಡಿನಲ್ಲಿ ರಸ್ತೆಯ ಕಾರಿಗೆ ಇದೇ. ಅಂಗಡಿಯಲ್ಲಿ 14 ಗೇಜ್ ಎಂದು ಕೇಳಿದರೆ ಸಿಗುವುದು ಇದೇ ದಪ್ಪ. ರೇಸಿಗೆ ಓಡಿಸುವವರು 3 ಮಿ.ಮೀ. ಕೇಳುತ್ತಾರೆ. ಅದಕ್ಕೂ ಮೀರಿ 5 ಮಿ.ಮೀ. ಹಾಕಿ ಎಂದು ಹಠ ಹಿಡಿದವರಿಗೆ ನಾನು ಕೈಮುಗಿದು ಬೇಡ ಎಂದಿದ್ದೇನೆ.

ಕಾರಣ ಹೇಳುತ್ತೇನೆ. ತಗಡು ಬಗ್ಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2 ಮಿ.ಮೀ. ಬದಲು 3 ಮಿ.ಮೀ. ಹಾಕಿದರೆ ಬಿಗಿ ಒಂದೂವರೆ ಪಟ್ಟಲ್ಲ, ಸುಮಾರು 3.4 ಪಟ್ಟು ಹೆಚ್ಚುತ್ತದೆ. ಕೇಳಲು ಚಲೋ ಅನಿಸುತ್ತದೆ. ಆದರೆ ಆ ಬಿಗಿ ಪ್ಲೇಟಿನ ಅಂಚಿಗೆ ಬಂದು ಒಮ್ಮೆಲೇ ಮುಗಿಯುತ್ತದೆ. ಅಂಚಿನಾಚೆ ಮತ್ತೆ ಅದೇ ತೆಳು ತಗಡು. ಮೊದಲು ಬೋಲ್ಟಿನ ಸುತ್ತ ಬಗ್ಗುತ್ತಿದ್ದದ್ದು ಈಗ ಪ್ಲೇಟಿನ ಅಂಚಿನಗುಂಟ ಬಗ್ಗುತ್ತದೆ. ಬಿರುಕು ವಾಸಿಯಾಗಲಿಲ್ಲ, ಜಾಗ ಬದಲಿಸಿತು.

ಎರಡನೆಯ ತೊಂದರೆ ಕೈಗೆ ಸಿಗುವಂಥದ್ದು. ಕಾರಿನ ನೆಲ ಸಪಾಟಾಗಿಲ್ಲ. ಏರು, ತಗ್ಗು, ಒತ್ತಿದ ಅಚ್ಚುಗಳಿವೆ. 2 ಮಿ.ಮೀ. ಪ್ಲೇಟನ್ನು ಸುತ್ತಿಗೆಯಿಂದ ಬಡಿದು ಆ ಮೈಗೆ ಹೊಂದಿಸಬಹುದು. 5 ಮಿ.ಮೀ. ಪ್ಲೇಟ್ ಹಾಗೆ ಬಗ್ಗುವುದಿಲ್ಲ, ಎರಡು ಏರಿನ ಮೇಲೆ ಸೇತುವೆಯಂತೆ ಕೂತು ಕೆಳಗೆ ಸಂದು ಬಿಡುತ್ತದೆ. ಆ ಸಂದನ್ನು ವೆಲ್ಡಿಂಗಿನಿಂದ ತುಂಬಲು ಹೋದರೆ ತೆಳು ತಗಡು ಕರಗಿ ತೂತು ಬೀಳುತ್ತದೆ.

ತೂಕದ ಭಯ ಬೇಡ. ಒಂದು ಗೇಣುದ್ದದ 200 ಬೈ 150 ಮಿ.ಮೀ. ಪ್ಲೇಟು 2 ಮಿ.ಮೀ. ದಪ್ಪದಲ್ಲಿ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ನಾಲ್ಕೂ ಸೇರಿ ಎರಡು ಕಿಲೋ ದಾಟುವುದಿಲ್ಲ.

ದಪ್ಪ ಬಿಟ್ರ ಪ್ಲೇಟಿನೊಳಗ ಮತ್ತೇನ್ ನೋಡ್ಬೇಕು?

ಚಾಚು ನೋಡಿ. ಬೋಲ್ಟಿನ ಸುತ್ತ ಉಂಗುರದಂತೆ ಕೂರುವ ಸಣ್ಣ ಪ್ಲೇಟು ಸುಸ್ತಾದ ತಗಡನ್ನೇ ಹಿಡಿದುಕೊಳ್ಳುತ್ತದೆ. ಒಳ್ಳೆಯ ಪ್ಲೇಟು ಬಿರುಕು ಬೀಳುವ ಜಾಗವನ್ನು ದಾಟಿ, ಕಾರಿನ ಮೈ ಗಟ್ಟಿಯಾಗಿರುವ ಕಡೆ, ಅಂದರೆ ಮಡಚಿದ ಏಣು, ಪೆಟ್ಟಿಗೆಯಾಕಾರದ ಉದ್ದ ಪಟ್ಟಿಯವರೆಗೆ ಹೋಗಿ ಕೈ ಊರುತ್ತದೆ. ಒಂದು ಮಗ್ಗುಲು ಮೇಲಕ್ಕೆ ಮಡಚಿಕೊಂಡು ಲಂಬ ಗೋಡೆಗೂ ಕೂಡುವಂತಿದ್ದರೆ ಇನ್ನೂ ಚಲೋ. ನೆಲ ಮತ್ತು ಗೋಡೆ ಎರಡೂ ಕೂಡಿ ಹೊರೆ ಹೊರುತ್ತವೆ.

ಮೂಲೆಗಳು ದುಂಡಗಿರಬೇಕು. ಚೂಪು ಮೂಲೆಯಲ್ಲಿ ಒತ್ತಡ ಬಂದು ಗುಡ್ಡೆಯಾಗುತ್ತದೆ, ಅಲ್ಲಿಂದಲೇ ಹೊಸ ಸೀಳು ಶುರು. ಪ್ಲೇಟಿನ ನಡುವೆ 8 ರಿಂದ 10 ಮಿ.ಮೀ. ತೂತುಗಳಿರಬೇಕು. ಆ ತೂತುಗಳಲ್ಲಿ ವೆಲ್ಡ್ ತುಂಬಿದಾಗ ಪ್ಲೇಟು ಅಂಚಿನಲ್ಲಷ್ಟೇ ಅಲ್ಲದೆ ಹೊಟ್ಟೆಯಲ್ಲೂ ತಗಡಿಗೆ ಕಚ್ಚುತ್ತದೆ. ತೂತೇ ಇಲ್ಲದ ಪ್ಲೇಟ್ ತಂದರೆ ಡ್ರಿಲ್ಲಿಗೆ ಕೊಡಿ.

ಇನ್ನೊಂದು, ಬಹಳ ಜನ ಮರೆಯುವಂಥದ್ದು. ಬುಷ್ಷಿನ ಉಕ್ಕಿನ ಕೊಳವೆ ಕಾರಿನ ಮೈಗೆ ಒತ್ತಿ ಕೂರುವ ಮುಖವಿದೆ ನೋಡಿ, ಅದರ ಮೇಲೂ ಪ್ಲೇಟ್ ಬಂದರೆ ಸಬ್‌ಫ್ರೇಮ್ ಅಷ್ಟೇ ದಪ್ಪ ಕೆಳಗಿಳಿಯುತ್ತದೆ. ನಾಲ್ಕೂ ಕಡೆ ಒಂದೇ ದಪ್ಪವಿದ್ದರೆ ಸಬ್‌ಫ್ರೇಮ್ ಸಮವಾಗಿಯೇ ಇಳಿಯುತ್ತದೆ, ಬೋಲ್ಟಿನ ಥ್ರೆಡ್ ಪೂರ್ತಿ ಕಚ್ಚುತ್ತದೆಯೇ ಎಂದಷ್ಟೇ ನೋಡಬೇಕು. ಮುಂದೆ 3, ಹಿಂದೆ 2 ಹಾಕಿದರೆ ಡಿಫರೆನ್ಷಿಯಲ್ ಓರೆಯಾಗಿ ಕೂತು ಅದನ್ನು ತಿರುಗಿಸುವ ಶಾಫ್ಟ್ ನಡುಗುತ್ತದೆ. ಆ ಮುಖವನ್ನು ಬಿಟ್ಟು ಸುತ್ತ ಮಾತ್ರ ಕೂರುವಂತೆ ದೊಡ್ಡ ಕಿಂಡಿ ಕೊರೆದ ಪ್ಲೇಟ್ ನನಗೆ ಹೆಚ್ಚು ಇಷ್ಟ.

ಹೊರದೇಶದ ಕಿಟ್ ತರಿಸ್ಲೋ, ಇಲ್ಲೇ ಕಟ್ ಮಾಡಿಸ್ಲೋ?

ಅಮೆರಿಕದ ಟರ್ನರ್ ಮೋಟರ್‌ಸ್ಪೋರ್ಟ್, ಬ್ರಿಟನ್ನಿನ ರೆಡಿಶ್ ಮೋಟರ್‌ಸ್ಪೋರ್ಟ್ ಮುಂತಾದವರು ಇ46ಕ್ಕೆಂದೇ ಕಿಟ್ ಮಾಡುತ್ತಾರೆ. ಆ ಕಾರಿನ ನೆಲದ ಅಳತೆ ಹಿಡಿದು ಮಾಡಿದ ಪ್ಲೇಟುಗಳಾದ್ದರಿಂದ ಕೂರಿಸುವ ಸಮಯ ಉಳಿಯುತ್ತದೆ. ಸಾಗಣೆ, ಸುಂಕ ಸೇರಿದರೆ ಬೆಲೆ ಏರುತ್ತದೆ. ತರಿಸುವ ಶಕ್ತಿಯಿದ್ದರೆ ತರಿಸಿ, ನಾನು ಬೇಡ ಅನ್ನುವುದಿಲ್ಲ.

ಇಲ್ಲಿಯೇ ಮಾಡಿಸುವುದೂ ಸಾಧ್ಯ, ನಾವು ಮಾಡಿದ್ದೇವೆ. ಹುಬ್ಬಳ್ಳಿಯಲ್ಲಿ ಲೇಸರ್ ಕಟಿಂಗ್ ಮಾಡಿಕೊಡುವವರಿದ್ದಾರೆ. ತಗಡು ಸ್ವಚ್ಛವಾದ ಮೇಲೆ ಗಟ್ಟಿ ರಟ್ಟಿನಲ್ಲಿ ಅಚ್ಚು ತೆಗೆಯಬೇಕು. ಹಳೆಯ ಕ್ಯಾಲೆಂಡರಿನ ರಟ್ಟು ಇದಕ್ಕೆ ಹೇಳಿ ಮಾಡಿಸಿದ್ದು, ಬಗ್ಗುತ್ತದೆ ಆದರೆ ಸುಕ್ಕಾಗುವುದಿಲ್ಲ. ಅದನ್ನು ಮೌಂಟಿಗೆ ಒತ್ತಿ ಹಿಡಿದು, ಬೋಲ್ಟ್ ತೂತನ್ನು ಬೆರಳಿನಿಂದ ಒತ್ತಿ ಗುರುತು ಮಾಡಿ, ಅಂಚುಗಳನ್ನು ಕತ್ತರಿಸುತ್ತ ಹೋಗಬೇಕು. ಎಡದ ಅಚ್ಚನ್ನೇ ಬಲಕ್ಕೆ ಮಗುಚಿ ಹಾಕುವ ಮೊದಲು ಬಲಗಡೆ ಹಿಡಿದು ನೋಡಿ. ಎರಡೂ ಕಡೆ ಹುಬೇಹೂಬ್ ಒಂದೇ ಇರಬೇಕೆಂದಿಲ್ಲ.

ತಗಡು ಯಾವುದು? ಸಾದಾ ಎಂಎಸ್, ಅಂದರೆ ಮೆದು ಉಕ್ಕು. ತಣ್ಣಗೆ ಉರುಳಿಸಿದ ಸಿಆರ್ ಶೀಟ್ ಮೈ ನಯವಾಗಿರುತ್ತದೆ, ಬಡಿದರೆ ಮಾತು ಕೇಳುತ್ತದೆ. ಐಎಸ್ 2062 ದರ್ಜೆಯ, ಬಿಸಿಯಲ್ಲಿ ಉರುಳಿಸಿದ ಎಚ್‌ಆರ್ ಶೀಟ್ ಆದರೂ ನಡೆಯುತ್ತದೆ, ಮೇಲಿನ ಕಪ್ಪು ಪೊರೆಯನ್ನು ಗ್ರೈಂಡರಿನಿಂದ ತೆಗೆಯಬೇಕಷ್ಟೆ. ಸ್ಟೇನ್‌ಲೆಸ್ ಬೇಡ. ತುಕ್ಕು ಹಿಡಿಯದು ಎಂದು ಹಾಕಿಸುತ್ತಾರೆ, ಆದರೆ ಒದ್ದೆಯಲ್ಲಿ ಅದರ ಪಕ್ಕದ ಸಾದಾ ಉಕ್ಕು ಬೇಗ ತಿನ್ನಿಸಿಕೊಳ್ಳುತ್ತದೆ. ಜಿಐ ಶೀಟಿಗೆ ಲೇಪಿಸಿದ ಸತು ವೆಲ್ಡಿಂಗಿನಲ್ಲಿ ಬಿಳಿ ಹೊಗೆಯಾಗಿ ಏಳುತ್ತದೆ, ಜೋಡಣೆಯಲ್ಲಿ ಗುಳ್ಳೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸಾಕು ಎನ್ನುವ ರೂಢಿ ನಮ್ಮ ಕಸುಬಿನಲ್ಲಿದೆ. ಹೊಗೆ ಹೋಗುವುದು ಪುಪ್ಪುಸಕ್ಕೆ, ಹಾಲು ಹೊಟ್ಟೆಗೆ. ಮಾಸ್ಕ್ ಮತ್ತು ಗಾಳಿ ಆಡುವ ಜಾಗವೇ ಇದಕ್ಕೆ ದಾರಿ. ಹುಡುಗರಿಗೆ ನಾನು ಇದನ್ನು ದಿನಾ ಹೇಳುತ್ತೇನೆ.

ಬಿರುಕಿನ ಮ್ಯಾಲೆ ನೇರ ಪ್ಲೇಟ್ ಹೊಡದ್ರ ಆಗೂದಿಲ್ಲೇನು?

ಆಗುವುದಿಲ್ಲ. ಒಮ್ಮೆ ನಮ್ಮಲ್ಲಿಗೆ ಬಂದ ಇ46ಕ್ಕೆ ಆಗಲೇ ಬೇರೆ ಊರಿನಲ್ಲಿ ಪ್ಲೇಟ್ ಹಾಕಿಸಿದ್ದರು. ಮೇಲೆ ಕಪ್ಪು ಬಣ್ಣ, ನೋಡಲು ಅಚ್ಚುಕಟ್ಟು. ಸದ್ದು ಮಾತ್ರ ನಿಂತಿರಲಿಲ್ಲ. ಬಣ್ಣ ಕೆರೆದಾಗ ಪ್ಲೇಟಿನ ಒಂದು ಮಗ್ಗುಲಲ್ಲಿ ಸ್ಕ್ರೂಡ್ರೈವರ್ ತುದಿ ಸಲೀಸಾಗಿ ಒಳಗೆ ಹೋಯಿತು. ಗ್ರೈಂಡರ್ ಹಿಡಿದು ಪ್ಲೇಟ್ ಬಿಡಿಸಿದರೆ ಅಡಿಯಲ್ಲಿ ಅಂಡರ್‌ಕೋಟಿಂಗ್ ಹಾಗೆಯೇ ಇದೆ, ವೆಲ್ಡಿಂಗಿನ ಬಿಸಿಗೆ ಸುಟ್ಟು ಇದ್ದಿಲಾಗಿದೆ. ಮೂಲ ಬಿರುಕು ಪ್ಲೇಟಿನಡಿಯಿಂದ ತೆವಳಿ ಆಚೆ ಬದಿಗೆ ಎರಡು ಬೆರಳು ಮುಂದೆ ಹೋಗಿತ್ತು. ಕಾರಿನ ಮಾಲೀಕ, ಒಬ್ಬ ಹುಡುಗ, ಎರಡು ಸಲ ಹಣ ಕೊಟ್ಟ. ಆ ಹುಡುಗ ಹಬ್ಬದ ಬೋನಸ್ ಕೂಡಿಟ್ಟು ಮೊದಲ ಸಲ ಮಾಡಿಸಿದ್ದ ಎಂದು ಆಮೇಲೆ ತಿಳಿದು ನನಗೆ ಬಹಳ ಕೆಡುಕೆನಿಸಿತು. ಇದನ್ನೆಲ್ಲ ಬರೆದು ಇಡಬೇಕು ಅನಿಸಿದ್ದು ಅವತ್ತೇ.

ಕ್ರಮ ಹೀಗೆ: ಬಿರುಕಿನ ತುದಿ ಹುಡುಕಿ ಅಲ್ಲಿ 3 ಮಿ.ಮೀ. ತೂತು ಕೊರೆಯಬೇಕು. ಚೂಪು ತುದಿ ದುಂಡಗಾದರೆ ಸೀಳು ಮುಂದೆ ಓಡುವುದಿಲ್ಲ. ಬಿರುಕಿನ ಉದ್ದಕ್ಕೂ ಸಣ್ಣ ಕಾಲುವೆ ತೆಗೆದು, ವೆಲ್ಡ್ ತುಂಬಿ, ಸಪಾಟು ಮಾಡಬೇಕು. ಬಿಟ್ಟುಹೋದ ಸ್ಪಾಟ್ ವೆಲ್ಡುಗಳನ್ನು ಮತ್ತೆ ಹಿಡಿಸಬೇಕು. ಪ್ಲೇಟ್ ಆಮೇಲೆ. ತಗಡು ಹರಿದು ಚೂರಾಗಿದ್ದರೆ ಆ ಭಾಗವನ್ನೇ ಕತ್ತರಿಸಿ ಹೊಸ ತಗಡು ಕೂರಿಸಬೇಕು, ಅದಕ್ಕೆ ಪ್ಲೇಟ್ ಪರಿಹಾರವಲ್ಲ.

ನಮ್ಮೂರಾಗ ಸಾದಾ ವೆಲ್ಡಿಂಗ್ ಅಂಗಡಿ ಐತಿ. ಅಲ್ಲಿ ಮಾಡಿಸ್ಬಹುದಾ?

ಕಡ್ಡಿ ವೆಲ್ಡಿಂಗ್ ಗೇಟಿಗೆ, ಟ್ರ್ಯಾಕ್ಟರ್ ಟ್ರೇಲರಿಗೆ ಸರಿ. ಕಾರಿನ ನೆಲದ ತೆಳು ತಗಡಿಗೆ ಅದರ ಬಿಸಿ ತಡೆಯದು. ಗ್ಯಾಸ್ ವೆಲ್ಡಿಂಗ್ ಸುತ್ತಲಿನ ತಗಡನ್ನೆಲ್ಲ ಕಾಯಿಸಿ ಸೊಟ್ಟ ಮಾಡುತ್ತದೆ. ಮಿಗ್, ಅಂದರೆ ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವ ಯಂತ್ರ, ಇರುವ ಕಡೆ ಹೋಗಿ. 0.8 ಮಿ.ಮೀ. ತಂತಿ, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಿಶ್ರ ಅನಿಲ. ಒಂದೇ ಉಸಿರಿಗೆ ಸುತ್ತ ಎಳೆಯದೆ ಒಂದೊಂದು ಇಂಚು, ಎದುರುಬದುರು ಜಾಗದಲ್ಲಿ, ನಡುವೆ ಆರಲು ಬಿಟ್ಟು ಹಾಕಬೇಕು. ಮೌಂಟಿನ ತೂತಿಗೆ ಹಳೆಯ ಬೋಲ್ಟ್ ತಿರುಗಿಸಿಟ್ಟರೆ ಕಿಡಿ ಥ್ರೆಡ್ಡಿಗೆ ಹೋಗುವುದಿಲ್ಲ, ಪ್ಲೇಟೂ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.

ವೆಲ್ಡರಿಗೆ ಒಂದು ಮಾತು ಕೇಳಿ: "ಪೆಟ್ರೋಲ್ ಟ್ಯಾಂಕ್ ಇಳಸ್ತೀರೇನ್ರಿ?" ಇ46ರ ಟ್ಯಾಂಕ್ ಹಿಂದಿನ ಸೀಟಿನ ಕೆಳಗೆ, ಮೌಂಟಿಗೆ ಅಂಟಿಕೊಂಡಂತೆಯೇ ಇದೆ. ಒದ್ದೆ ಗೋಣಿ ಮುಚ್ಚಿ ಮಾಡುತ್ತೇನೆ ಎಂದರೆ ಕಾರು ತಿರುಗಿಸಿಕೊಂಡು ಮನೆಗೆ ಬನ್ನಿ. ಸೀಟು, ಕಾರ್ಪೆಟ್, ಡಿಕ್ಕಿಯ ಒಳಪದರು ಎಲ್ಲ ಹೊರಗೆ ಬರಬೇಕು, ಇಲ್ಲವಾದರೆ ಕೆಳಗೆ ವೆಲ್ಡ್ ಮಾಡುವಾಗ ಮೇಲೆ ಬೆಂಕಿ ಹೊತ್ತುತ್ತದೆ. ಬ್ಯಾಟರಿ ಕಳಚಿರಬೇಕು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಬೇಕು.

ಕೆಳಗಿನ ಪ್ಲೇಟ್ ಸಾಕೋ, ಮ್ಯಾಲಿಂದಾನೂ ಕಟ್ಟು ಬೇಕೋ?

ದಿನಬಳಕೆಯ ಕಾರಿಗೆ, ಬಿರುಕು ಸಣ್ಣದಿದ್ದರೆ, ಕೆಳಗಿನ ಪ್ಲೇಟ್ ಚೊಕ್ಕವಾಗಿ ಹಾಕಿದರೆ ಸಾಕು. ಎಂಜಿನ್ ಶಕ್ತಿ ಹೆಚ್ಚಿಸಿದವರು, ಟ್ರ್ಯಾಕಿಗೆ ಒಯ್ಯುವವರು, ಒಮ್ಮೆ ದೊಡ್ಡದಾಗಿ ಹರಿದ ಕಾರಿನವರು ಮೇಲಿನಿಂದಲೂ ಕಟ್ಟಿಸಬೇಕು. ಡಿಕ್ಕಿಯ ನೆಲ ಕತ್ತರಿಸಿ ತೆರೆದು, ಮೌಂಟಿನ ತಲೆಯನ್ನು ಪಕ್ಕದ ಗಟ್ಟಿ ಪಟ್ಟಿಗೆ ಕೂಡಿಸುವ ಕೆಲಸವಿದು. ದೊಡ್ಡ ಕೆಲಸ, ಆದರೆ ಹೊರೆಯನ್ನು ತೆಳು ನೆಲದಿಂದ ತಪ್ಪಿಸಿ ಬೇರೆಡೆ ಸಾಗಿಸುವ ನಿಜವಾದ ದಾರಿ ಇದೇ. ಬಿಎಂಡಬ್ಲ್ಯು ಕಂಪನಿಯ ದುರಸ್ತಿ ಕ್ರಮದಲ್ಲಿ ಟೊಳ್ಳಿನೊಳಗೆ ಗಟ್ಟಿಯಾಗುವ ನೊರೆ ತುಂಬುವುದೂ ಇತ್ತು. ನೊರೆ ತುಂಬಿಸಿದ ಕಾರಾದರೆ ವೆಲ್ಡಿಂಗಿಗೆ ಮುಂಚೆ ಹೇಳಿ, ಅದು ಬಿಸಿಗೆ ಸುಟ್ಟು ಹೊಗೆ ಬಿಡುತ್ತದೆ.

ಬುಷ್ ಯಾವುದು?

ಹೊಸ ರಬ್ಬರ್, ಮನೆಮಂದಿ ಓಡಾಡುವ ಕಾರಿಗೆ. ಪಾಲಿಯುರಿಥೇನ್ ಸ್ವಲ್ಪ ಬಿಗಿ, ಸ್ವಲ್ಪ ಸದ್ದು. ಅಲ್ಯೂಮಿನಿಯಂನ ಗಟ್ಟಿ ಬುಷ್ ಟ್ರ್ಯಾಕಿನ ಕಾರಿಗೆ ಬಿಡಿ, ರಸ್ತೆಯ ಪ್ರತಿ ಹೊಡೆತವೂ ನೇರವಾಗಿ ಮೈಗೆ ಬರುತ್ತದೆ. ಪ್ಲೇಟ್ ಹಾಕಿಸಿ ಹಳೆಯ ಬುಷ್ಷನ್ನೇ ಮತ್ತೆ ಕೂರಿಸುವುದು ಮಾತ್ರ ಬೇಡ. ಸತ್ತ ಬುಷ್ ಸಬ್‌ಫ್ರೇಮನ್ನು ಸುತ್ತಿಗೆಯಂತೆ ಆಡಿಸುತ್ತದೆ.

ಆರ್‌ಟಿಒದಾಗ ತೊಂದರೆ ಆಗತೈತೇನು?

2006ರೊಳಗಿನ ಕಾರಾದ್ದರಿಂದ 15 ವರ್ಷದ ನೋಂದಣಿ ಮುಗಿದಿರುತ್ತದೆ. ಹುಬ್ಬಳ್ಳಿಯ ಕೆಎ 63 ಇರಲಿ, ಧಾರವಾಡದ 25, ಗದಗಿನ 26, ಹಾವೇರಿಯ 27 ಇರಲಿ, ನವೀಕರಣಕ್ಕೆ ಕಾರನ್ನು ತೋರಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ಬಿರುಕಿನ ಫೋಟೊ, ಕೆಲಸದ ಬಿಲ್ಲು ಇಟ್ಟುಕೊಂಡಿದ್ದರೆ ಇದು ದುರಸ್ತಿ ಎಂದು ತೋರಿಸಲು ಆಧಾರವಾಗುತ್ತದೆ. ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಬಾರದು.

ಯಾವಾಗ ಮಾಡಿಸಿದ್ರ ಚಲೋ? ಎಷ್ಟು ದಿನ?

ನಮ್ಮಲ್ಲಿ ಒಂದು ಕಾರಿಗೆ ಒಂದು ವಾರ. ವೆಲ್ಡಿಂಗ್ ಅದರಲ್ಲಿ ಒಂದೇ ದಿನ, ಉಳಿದದ್ದು ಇಳಿಸುವುದು, ಕೆರೆಯುವುದು, ಒಣಗಿಸುವುದು, ಕೂರಿಸುವುದು. ಹಣ ಹೋಗುವುದೂ ಅಲ್ಲಿಯೇ, ಪ್ಲೇಟಿಗಲ್ಲ.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಬನ್ನಿ. ಜೂನ್ ಬಂತೆಂದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೆರೆದಿಟ್ಟ ತಗಡು ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ವೆಲ್ಡ್ ಆರಿದ ಮೇಲೆ ಪ್ರೈಮರ್, ಪ್ಲೇಟಿನ ಸುತ್ತಲೂ ಸೀಲರ್, ಅಂಡರ್‌ಕೋಟಿಂಗ್, ಕೊನೆಗೆ ಟೊಳ್ಳಿನೊಳಗೆ ಮೇಣದ ಸ್ಪ್ರೇ. ಒಳಗಿನ ಮೇಣವನ್ನು ಬಿಡುವವರೇ ಹೆಚ್ಚು. ವೆಲ್ಡಿನ ಬಿಸಿಗೆ ತಗಡಿನ ಹಿಂಬದಿಯ ಬಣ್ಣವೂ ಸುಟ್ಟಿರುತ್ತದೆ, ಅಲ್ಲಿ ನೀರು ಕೂತರೆ ಹೊರಗಿನಿಂದ ಕಾಣುವುದೇ ಇಲ್ಲ.

ಕಾರು ಕೊಟ್ಟ ಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಸಾವಿರ ಕಿಲೋಮೀಟರ್ ಓಡಿಸಿ ಒಮ್ಮೆ ಬನ್ನಿ. ಬೋಲ್ಟಿನ ಬಿಗಿ ನೋಡಿ, ಪ್ಲೇಟಿನ ಅಂಚಿನಗುಂಟ ಸೀಲರಿನ ಮೇಲೆ ಗೆರೆ ಬಂದಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇವೆ. ಅದಕ್ಕೆ ನಾವು ಹಣ ತೆಗೆದುಕೊಳ್ಳುವುದಿಲ್ಲ.